ತಾರೀಖು ಯಾರ ಕೈಯಲ್ಲಿದೆ? ನೌಕರಿಯ ಜೊತೆಗೆ ಕೈಕೆಲಸದ ವ್ಯಾಪಾರ: ಒಂದು ಹೋಲಿಕೆ

ನೌಕರಿ ಬಿಡದೆ ಕೈಕೆಲಸದ ಸಣ್ಣ ವ್ಯಾಪಾರ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ‘ಯಾವುದರಲ್ಲಿ ದುಡ್ಡು ಜಾಸ್ತಿ?’ ಅಂತ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಮಾಲು ಇಂಥ ದಿನ ತಲುಪಬೇಕು ಎಂದು ತಾರೀಖು ಗೊತ್ತುಮಾಡುವವರು ಯಾರು, ನೀವೋ ಗಿರಾಕಿಯೋ? ಗಂಟೆಗೆ ಐನೂರು ಹುಟ್ಟುವ ಕೆಲಸವೂ ಗುರುವಾರ ರಾತ್ರಿ ಹನ್ನೊಂದಕ್ಕೆ ಬಂದು ಕೂತರೆ ಶುಕ್ರವಾರದ ಆಫೀಸನ್ನು ಕೆಡಿಸುತ್ತದೆ. ಗಂಟೆಗೆ ಇನ್ನೂರೇ ಹುಟ್ಟಿದರೂ ಭಾನುವಾರದವರೆಗೆ ಕಾಯಲು ಒಪ್ಪುವ ಕೆಲಸ ವರ್ಷಗಟ್ಟಲೆ ನಡೆಯುತ್ತದೆ.

ಬೆಂಗಳೂರಿನಲ್ಲಿ ಆಫೀಸು, ಹೋಗಿಬರುವ ದಾರಿ, ಮನೆಗೆಲಸ ಎಲ್ಲ ಕಳೆದು ವಾರಕ್ಕೆ ಎಂಟರಿಂದ ಹತ್ತು ಗಂಟೆ ಕೈಗೆ ಸಿಕ್ಕರೆ ಹೆಚ್ಚು. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ, ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡತೊಡಗಿದ ಮೇಲೆ, ದಾರಿಯಲ್ಲೇ ಕ್ರೋಶಾ ಹಾಕುವುದು, ಗಿರಾಕಿಗಳಿಗೆ ಉತ್ತರ ಬರೆಯುವುದು ಕೆಲವರಿಗೆ ಸಾಧ್ಯವಾಗಿದೆ. ಸೀಟು ಸಿಕ್ಕರೆ! ಆದರೆ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಂಟು ಗಂಟೆ ಎಂದೇ ಇಟ್ಟುಕೊಂಡು ಮುಂದಿನ ಹೋಲಿಕೆ ಓದಿ.

ಒಂದೇ ವಸ್ತು, ಐದು ದಾರಿ

ಬೇರೆ ಬೇರೆ ವ್ಯಾಪಾರಗಳನ್ನು ಹೋಲಿಸುತ್ತ ಕೂತರೆ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೇ ಟೆರಾಕೋಟಾ ಜುಮುಕಿಯನ್ನೇ ತೆಗೆದುಕೊಳ್ಳೋಣ. ಕುಚ್ಚು ಹಾಕುವವರು, ಕಸೂತಿ ಮಾಡುವವರು, ಮೇಣದ ಬತ್ತಿ ಎರೆಯುವವರು ತಮ್ಮ ಅಂಕಿ ಹಾಕಿಕೊಂಡರಾಯಿತು, ಲೆಕ್ಕದ ದಾರಿ ಒಂದೇ.

ಜುಮುಕಿಯ ಕೆಲಸದಲ್ಲಿ ಕೈ ಆಡುವ ಹೊತ್ತು ಬೇರೆ, ಮಣ್ಣು ಕಾಯುವ ಹೊತ್ತು ಬೇರೆ. ಭಾನುವಾರ ಬೆಳಗ್ಗೆ ಮಣ್ಣು ನಾದಿ ಆಕಾರ ಕೊಡುತ್ತೀರಿ. ಜುಮುಕಿಯ ಬುಟ್ಟಿಯಾಕಾರದ ಭಾಗದ ಗೋಡೆ ಎಲ್ಲ ಕಡೆ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ನಿಲ್ಲಬೇಕು. ಅಂಚು ತೆಳು, ನೆತ್ತಿ ದಪ್ಪ ಆದರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನೆತ್ತಿ ಇನ್ನೂ ಹಸಿಯಾಗಿಯೇ ಇರುತ್ತದೆ; ಎರಡರ ನಡುವೆ ಸಣ್ಣ ಸೀಳು ಬಿಡುತ್ತದೆ. ಅದು ಕಣ್ಣಿಗೆ ಕಾಣುವುದು ಸುಟ್ಟ ಮೇಲೆ. ಜೋಡಿಸುವ ಕಡೆ ಎರಡೂ ಮೈಯನ್ನು ಸೂಜಿಯಿಂದ ಗೀಚಿ, ಅದೇ ಮಣ್ಣಿನ ಬಗ್ಗಡ ಸವರಿ ಒತ್ತಬೇಕು. ಬರೀ ನೀರು ಹಚ್ಚಿ ಅಂಟಿಸಿದ್ದು ಬಣ್ಣ ಹಚ್ಚುವಾಗ ಕೈಗೆ ಬರುತ್ತದೆ. ಕೊಂಡಿ ಹೋಗುವ ತೂತನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕೊರೆಯಿರಿ. ಮಣ್ಣು ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲೊಂದು ಪಾಲಿನವರೆಗೂ ಕುಗ್ಗಬಹುದು, ತೂತೂ ಅದರ ಜೊತೆಗೆ ಕುಗ್ಗುತ್ತದೆ.

ಆಮೇಲೆ ನಾಲ್ಕೈದು ದಿನ ನೆರಳಿನಲ್ಲಿ ಒಣಗಬೇಕು. ಈ ದಿನಗಳಲ್ಲಿ ನೀವು ಆಫೀಸಿನಲ್ಲಿರುತ್ತೀರಿ, ಮಣ್ಣು ತನ್ನ ಪಾಡಿಗೆ ತಾನಿರುತ್ತದೆ. ಶನಿವಾರ ಸುಡುವುದು. ಭಟ್ಟಿಯಲ್ಲಿ ಒಡೆದರೆ ‘ಗಾಳಿಗುಳ್ಳೆ ಇತ್ತು’ ಅನ್ನುತ್ತಾರೆ. ಹೆಚ್ಚಿನ ಸಲ ತಪ್ಪು ನೀರಿನದು. ಪೂರ್ತಿ ಒಣಗದ ತುಂಡಿನ ಕಾವು 100 ಡಿಗ್ರಿ ದಾಟಿದ ಕೂಡಲೇ ಒಳಗಿನ ತೇವ ಆವಿಯಾಗಿ ದಾರಿ ಸಿಗದೆ ಸಿಡಿಯುತ್ತದೆ. ತುಂಡನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗೆನಿಸಿದರೆ ಇನ್ನೂ ನೀರಿದೆ. ಮೊದಲ ಎರಡು ಗಂಟೆ ಕಾವು ನಿಧಾನ ಏರಿಸಿ, ಆಮೇಲೆ 850–900 ಡಿಗ್ರಿಗೆ ಒಯ್ಯಿರಿ. ಸ್ವಂತ ಭಟ್ಟಿ ಇಲ್ಲದವರು ಸ್ಟುಡಿಯೋಗಳಲ್ಲಿ ಹಣ ಕೊಟ್ಟು ಸುಡಿಸಿಕೊಳ್ಳಬಹುದು. ಮಣ್ಣಿನ ಡಬ್ಬ ಹೊತ್ತು ಹೋಗುವಾಗ ಒಡೆಯುವುದನ್ನೂ ಲೆಕ್ಕಕ್ಕೆ ಸೇರಿಸಿ.

ಇಪ್ಪತ್ತು ಜೊತೆಯ ಒಂದು ಕಂತಿಗೆ ಆಕಾರ ಕೊಡಲು ಆರು ಗಂಟೆ, ಉಜ್ಜಿ ನಯಮಾಡಲು ಎರಡು, ಬಣ್ಣ ಮತ್ತು ವಾರ್ನಿಷ್‌ಗೆ ಐದು, ಕೊಂಡಿ ಹಾಕಿ ಡಬ್ಬಿಗೆ ತುಂಬಲು ಎರಡು. ಒಟ್ಟು ಹದಿನೈದು ಗಂಟೆ, ಅಂದರೆ ಒಂದು ಜೊತೆಗೆ 45 ನಿಮಿಷ. ಒಂದು ಜೊತೆಯ ಖರ್ಚಿನ ಅಂಕಿಯನ್ನು ಉದಾಹರಣೆಗೆಂದು ಹೀಗೆ ಇಟ್ಟುಕೊಳ್ಳೋಣ: ಮಣ್ಣು, ಬಣ್ಣ, ವಾರ್ನಿಷ್ 22 ರೂಪಾಯಿ, ಕೊಂಡಿ, ರಿಂಗು, ಮಣಿ 18, ಸುಡುವ ಖರ್ಚು 10, ಡಬ್ಬಿ, ಪ್ಯಾಕಿಂಗ್ 25, ಎಂಟರಲ್ಲಿ ಒಂದು ಒಡೆಯುತ್ತದೆಂದು 5. ಒಟ್ಟು 80. ಕೊಂಡಿ, ಮಣಿಗಳನ್ನು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಮತ್ತು ನಗರ್ತಪೇಟೆ ಕಡೆ, ಡಬ್ಬಿ, ಕವರುಗಳನ್ನು ಮಾಮೂಲ್‌ಪೇಟೆ, ಸುಲ್ತಾನ್‌ಪೇಟೆ ಕಡೆ ಸಗಟಿನಲ್ಲಿ ಒಟ್ಟಿಗೆ ತನ್ನಿ. ಆದರೆ ತಿಂಗಳಿಗೊಮ್ಮೆ ಮಾತ್ರ ಹೋಗಿ. ‘ಎರಡು ಡಜನ್ ಕೊಂಡಿ ಕಮ್ಮಿ ಬಿತ್ತು’ ಎಂದು ಪ್ರತಿ ಶನಿವಾರ ಪೇಟೆಗೆ ಇಳಿಯುವವರ ವಾರದ ಎಂಟು ಗಂಟೆಯಲ್ಲಿ ಮೂರು ಅಲ್ಲೇ ಕರಗಿಹೋಗುತ್ತದೆ.

ಗಿರಾಕಿ ಹೇಳಿದಂತೆ ಮಾಡಿಕೊಡುವುದು

ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಹೆಚ್ಚಿನವರು ಇಲ್ಲೇ ಸುಸ್ತಾಗುತ್ತಾರೆ. ಬಂಡವಾಳ ಬೇಡ, ಮಾಲು ಉಳಿಯುವ ಭಯವಿಲ್ಲ, ಬೆಲೆಯೂ ಜಾಸ್ತಿ ಹೇಳಬಹುದು. ಮಾಡಿಟ್ಟು ಮಾರಿದರೆ 350 ಸಿಗುವ ಜುಮುಕಿಗೆ ಇಲ್ಲಿ 500 ಬರುತ್ತದೆ ಎಂದಿಟ್ಟುಕೊಳ್ಳೋಣ. ಆದರೆ ಹೊತ್ತನ್ನು ಬರೆದಿಟ್ಟು ನೋಡಿ. ಒಂದೇ ಜೊತೆ ಬೇರೆಯಾಗಿ ಮಾಡಲು ಒಂದು ಗಂಟೆ, ಸೀರೆಗೆ ಬಣ್ಣ ಹೊಂದಿಸಲು 20 ನಿಮಿಷ, ವಾಟ್ಸ್ಆ್ಯಪ್ ಮಾತುಕತೆ 40, ಕಳಿಸುವ ಏರ್ಪಾಟು 15. ಎರಡೂಕಾಲು ಗಂಟೆಗೆ ಉಳಿದದ್ದು 420, ಅಂದರೆ ಗಂಟೆಗೆ 187 ರೂಪಾಯಿ.

ದುಡ್ಡಿಗಿಂತ ದೊಡ್ಡ ತೊಂದರೆ ತಾರೀಖಿನದು. ‘ಮೇಡಂ, ಶುಕ್ರವಾರ ನಾಮಕರಣ, ಗುರುವಾರ ಸಂಜೆಯೊಳಗೆ ಬೇಕಿತ್ತು’ ಎಂದು ಸೋಮವಾರ ಮೆಸೇಜ್ ಬರುತ್ತದೆ. ಮಣ್ಣಿಗೆ ನಾಮಕರಣ ಗೊತ್ತಿಲ್ಲ. ಒಲೆಯ ಪಕ್ಕ ಇಟ್ಟು ಒಣಗಿಸಿ, ಅವಸರದಲ್ಲಿ ಸುಟ್ಟು, ಒಡೆದು, ಮತ್ತೆ ಮಾಡಿ, ಕೊನೆಗೆ ಕ್ಷಮೆ ಕೇಳಿ ಅಡ್ವಾನ್ಸ್ ವಾಪಸ್ ಕೊಡುವುದು ಈ ದಾರಿಯ ಮಾಮೂಲಿ ಕಥೆ.

ಇದೇ ಬೇಕು ಅನ್ನುವವರು ಕೆಲವು ಕಟ್ಟುಪಾಡು ಹಾಕಿಕೊಳ್ಳಿ. ತಿಂಗಳಿಗೆ ಆರಕ್ಕಿಂತ ಹೆಚ್ಚು ಆರ್ಡರ್ ಹಿಡಿಯಬೇಡಿ. 21 ದಿನಕ್ಕಿಂತ ಮುಂಚೆ ಕೊಡುವುದಿಲ್ಲ ಎಂದು ಪ್ರೊಫೈಲ್‌ನಲ್ಲೇ ಬರೆಯಿರಿ. ಅರ್ಧ ಹಣ ಬರುವವರೆಗೆ ಮಣ್ಣು ಮುಟ್ಟಬೇಡಿ. ಸೀರೆಯ ಫೋಟೋ ನೋಡಿ ಬಣ್ಣ ಒಪ್ಪಿಕೊಳ್ಳಬೇಡಿ. ಒಂದೊಂದು ಫೋನಿನ ಪರದೆಯಲ್ಲಿ ಒಂದೊಂದು ಬಣ್ಣ ಕಾಣುತ್ತದೆ, ಟ್ಯೂಬ್‌ಲೈಟ್ ಕೆಳಗೆ ತೆಗೆದ ರಾಮಾ ಗ್ರೀನ್ ನವಿಲುನೀಲಿಯಾಗಿಬಿಡುತ್ತದೆ. ಸೆರಗಿನಿಂದ ಬಿಚ್ಚಿದ ನಾಲ್ಕು ಎಳೆ ದಾರವನ್ನು ಕವರಿನಲ್ಲಿ ಹಾಕಿ ಕಳಿಸಲು ಹೇಳಿ. ದಾರ ಕಳಿಸಲು ಬೇಸರಪಡುವ ಗಿರಾಕಿ ಆಮೇಲೆ ಬಣ್ಣದ ಮೇಲೆ ಜಗಳ ತೆಗೆಯುವ ಗಿರಾಕಿಯೂ ಆಗಿರುತ್ತಾರೆ, ಮೊದಲೇ ತಿಳಿದದ್ದು ಒಳ್ಳೆಯದಾಯಿತು.

ಮಾಡಿಟ್ಟು ಆನ್‌ಲೈನ್‌ನಲ್ಲಿ ಮಾರುವುದು

ಇಲ್ಲಿ ತಾರೀಖು ನಿಮ್ಮ ಕೈಯಲ್ಲಿದೆ. ಎರಡು ವಾರಕ್ಕೊಂದು ಕಂತು ಮಾಡಿ, ಶನಿವಾರ ಬೆಳಗ್ಗೆ ಒಟ್ಟಿಗೆ ಫೋಟೋ ತೆಗೆದು, ಭಾನುವಾರ ಸಂಜೆ ಹಾಕಿ, ಬುಧವಾರ ಮತ್ತು ಶನಿವಾರ ಮಾತ್ರ ಕೊರಿಯರ್ ಕಳಿಸಬಹುದು. 350ರಲ್ಲಿ ಖರ್ಚು ಕಳೆದು 270 ಉಳಿಯುತ್ತದೆ. ಫೋಟೋ, ಪ್ಯಾಕಿಂಗ್, ವಿಳಾಸಕ್ಕೆ ಒಂದು ಜೊತೆಗೆ ಇನ್ನೊಂದು 15 ನಿಮಿಷ ಸೇರಿಸಿದರೆ ಸರಿಯಾಗಿ ಒಂದು ಗಂಟೆ, ಗಂಟೆಗೆ 270. ಬೆಲೆ ಕಡಿಮೆಯಾದರೂ ಹೇಳಿದಂತೆ ಮಾಡಿಕೊಡುವುದಕ್ಕಿಂತ ಇದೇ ಮೇಲು. ಕಂತಿನಲ್ಲಿ ಮಾಡುವಾಗ ಒಂದು ಬಣ್ಣವನ್ನು ಇಪ್ಪತ್ತು ಜೊತೆಗೂ ಒಮ್ಮೆಲೇ ಹಚ್ಚುತ್ತೀರಿ, ಬ್ರಷ್ ತೊಳೆಯುವುದು ಒಂದೇ ಸಲ. ಉಳಿತಾಯ ಇರುವುದು ಅಲ್ಲಿ.

ಕೈ ಸುಡುವುದು ಕೊರಿಯರ್‌ನಲ್ಲಿ. ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಬರುತ್ತದೆ. ಎರಡು ಜುಮುಕಿಯನ್ನು ಚೆಂದಕ್ಕೆಂದು 30×25×15ರ ಪೆಟ್ಟಿಗೆಯಲ್ಲಿಟ್ಟರೆ ಅದು ಎರಡೂಕಾಲು ಕಿಲೋ! ಅದೇ 10×8×4ರ ಗಟ್ಟಿ ರಟ್ಟಿನ ಡಬ್ಬಿಯಲ್ಲಿಟ್ಟರೆ ನೂರು ಗ್ರಾಂ ಒಳಗೆ. ಡಬ್ಬಿಯೊಳಗೆ ತುಂಡು ಅಲ್ಲಾಡದಂತೆ ಕಾಗದದ ಚೂರು ತುಂಬಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

ಇದರ ಇನ್ನೊಂದು ಮಗ್ಗುಲು ಉಳಿದ ಮಾಲು. ಮಾರಾಟವಾಗದ ಮೂವತ್ತು ಜೊತೆ ಎಂದರೆ 2,400 ರೂಪಾಯಿ ಮತ್ತು ಇಪ್ಪತ್ತೆರಡೂವರೆ ಗಂಟೆ ಕಪಾಟಿನಲ್ಲಿ ಕೂತಂತೆ. ಎರಡು ತಿಂಗಳಲ್ಲಿ ಹೋಗದ ವಿನ್ಯಾಸವನ್ನು ಮತ್ತೆ ಮಾಡಬೇಡಿ, ನಿಮಗೆ ಎಷ್ಟೇ ಇಷ್ಟವಿರಲಿ.

ಸಂತೆಯ ಸ್ಟಾಲ್

ಸಂತೆಯ ದಿನ ಮೊದಲೇ ಗೊತ್ತಿರುತ್ತದೆ, ಆಫೀಸಿಗೆ ಅಡ್ಡ ಬರುವುದಿಲ್ಲ, ಹಣ ಸ್ಥಳದಲ್ಲೇ. ಚಿತ್ರ ಬರೆಯುವವರಿಗೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಯುವ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇದೆ, ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಬೇಕು. ಒಡವೆ, ಬಟ್ಟೆಯವರಿಗೆ ವರ್ಷವಿಡೀ ಊರಿನ ಒಂದಲ್ಲ ಒಂದು ಕಡೆ ವಾರಾಂತ್ಯದ ಸಂತೆಗಳಿರುತ್ತವೆ.

ಆದರೆ ಲೆಕ್ಕ ಕಠಿಣ. ಸ್ಟಾಲ್ ಬಾಡಿಗೆ 3,000, ಸಾಮಾನು ಸಾಗಿಸಲು 600, ಊಟ, ಚಿಲ್ಲರೆ ಖರ್ಚು 300 ಎಂದರೆ 3,900. ಒಂದು ಜೊತೆಗೆ 270 ಉಳಿಯುವುದಾದರೆ ಹದಿನೈದನೆಯ ಜೊತೆ ಮಾರುವವರೆಗೆ ನಿಂತದ್ದು ದಂಡ. ನಲವತ್ತು ಜೊತೆ ಹೋದರೆ ‘ಭರ್ಜರಿ ವ್ಯಾಪಾರ’ ಅನಿಸುತ್ತದೆ: 10,800ರಲ್ಲಿ 3,900 ಕಳೆದು 6,900. ಮಾಡಲು 30 ಗಂಟೆ, ಸಂತೆಯಲ್ಲಿ 11 ಗಂಟೆ, ಗಂಟೆಗೆ 168. ಅಂದರೆ ತಲೆನೋವಿನ ಕಸ್ಟಮ್ ಆರ್ಡರ್‌ಗಿಂತಲೂ ಕಡಿಮೆ. ಮರುದಿನ ಸೋಮವಾರ ಬೇರೆ.

ಹಾಗಾದರೆ ಸಂತೆ ಬೇಡವೇ? ವರ್ಷಕ್ಕೆ ಎರಡು ಮೂರು ಬೇಕು, ಸಂಪಾದನೆಗಲ್ಲ. ಯಾವ ವಿನ್ಯಾಸವನ್ನು ಜನ ಕೈಗೆತ್ತಿಕೊಂಡು ಇಟ್ಟುಬಿಡುತ್ತಾರೆ, ಬೆಲೆ ಕೇಳಿ ಎಲ್ಲಿ ಹಿಂದೆ ಸರಿಯುತ್ತಾರೆ ಎಂಬುದು ಫೋನಿನಲ್ಲಿ ಗೊತ್ತಾಗುವುದಿಲ್ಲ. ಹೋಗುವಾಗ ಕನ್ನಡಿ ಎರಡು ಒಯ್ಯಿರಿ. ಕನ್ನಡಿ ಇಲ್ಲದ ಸ್ಟಾಲ್‌ನಲ್ಲಿ ಓಲೆ ಹಿಡಿದವರು ‘ನೋಡ್ಕೊಂಡು ಬರ್ತೀವಿ’ ಎಂದು ಹೋದರೆ ವಾಪಸ್ ಬರುವುದಿಲ್ಲ. ನೆಟ್‌ವರ್ಕ್ ಕೈಕೊಟ್ಟಾಗಿನ ಮಟ್ಟಿಗೆ ಐವತ್ತು, ನೂರರ ನೋಟು ಚಿಲ್ಲರೆಯಾಗಿ ಇರಲಿ.

ಅಂಗಡಿಗೆ ಕೊಟ್ಟುಬಿಡುವುದು

ಅಂಗಡಿಯಲ್ಲಿಟ್ಟು ಮಾರಾಟವಾದ ಮೇಲೆ ಹಣ ಪಡೆಯುವ ಪದ್ಧತಿ ಇದು. ಅಂಗಡಿಯವರ ಪಾಲು ನೂರಕ್ಕೆ 35 ಎಂದಿಟ್ಟುಕೊಂಡರೆ 350ರಲ್ಲಿ ನಿಮಗೆ ಬರುವುದು ಸುಮಾರು 227, ಖರ್ಚು ಕಳೆದು 147. ಮಾಡುವ 45 ನಿಮಿಷ ಬಿಟ್ಟರೆ ಬೇರೆ ಕೆಲಸವಿಲ್ಲದ್ದರಿಂದ ಗಂಟೆಗೆ 196ರ ಹತ್ತಿರ ಬೀಳುತ್ತದೆ. ಆಫೀಸಿನಲ್ಲಿ ಫೋನ್ ಮುಟ್ಟಲಾಗದವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಇಟ್ಟ ಮಾಲಿನ ಪಟ್ಟಿಗೆ ಸಹಿ ಮಾಡಿಸಿಕೊಳ್ಳಿ. ಒಡೆದರೆ, ಕಳೆದರೆ ಯಾರ ಹೊಣೆ ಎಂಬುದನ್ನು ಅದರಲ್ಲೇ ಬರೆಸಿ. ತಿಂಗಳ ಇಂಥ ತಾರೀಖು ಲೆಕ್ಕ ಎಂದು ಗೊತ್ತುಮಾಡಿ. ಎರಡು ತಿಂಗಳು ಹಣ ತಡವಾದರೆ ಮಾಲು ವಾಪಸ್ ತನ್ನಿ. ಮೂರನೆಯ ತಿಂಗಳಿಗೆ ಸರಿಹೋಗುತ್ತದೆ ಎಂದು ಕಾದವರೇ ಹೆಚ್ಚು ಕಳೆದುಕೊಳ್ಳುವುದು.

ವಾರಾಂತ್ಯದ ತರಗತಿ

ಭರ್ತಿಯಾದರೆ ಐದರಲ್ಲಿ ಗಂಟೆಗೆ ಅತಿ ಹೆಚ್ಚು ಹುಟ್ಟುವುದು ಇದರಲ್ಲೇ. ಎಂಟು ಜನ, ತಲೆಗೆ 900, ಒಟ್ಟು 7,200. ಸಾಮಗ್ರಿ 150ರಂತೆ 1,200, ಜಾಗದ ಬಾಡಿಗೆ 1,500, ಸುಟ್ಟು ತಲುಪಿಸಲು 50ರಂತೆ 400 ಕಳೆದರೆ 4,100. ತರಗತಿ ಮೂರು ಗಂಟೆ, ತಯಾರಿ ಎರಡು, ಓಡಾಟ ಒಂದೂವರೆ, ಆಮೇಲೆ ಸುಡುವುದು ಮತ್ತು ಹಂಚುವುದು ಎರಡೂವರೆ, ಒಟ್ಟು ಒಂಬತ್ತು ಗಂಟೆ. ಗಂಟೆಗೆ 455.

ನಾಲ್ಕೇ ಜನ ಬಂದರೆ ಕಥೆ ಬೇರೆ. 3,600ರಲ್ಲಿ 600, 1,500, 200 ಕಳೆದು 1,300, ಗಂಟೆಗೆ 150ರ ಆಸುಪಾಸು. ಅದಕ್ಕೇ ಗುರುವಾರ ರಾತ್ರಿಯೊಳಗೆ ಆರು ಜನ ಪೂರ್ತಿ ಹಣ ಕಟ್ಟಿರದಿದ್ದರೆ ಮುಂದೂಡುತ್ತೇವೆ ಎಂದು ಮೊದಲೇ ಪ್ರಕಟಿಸಿ, ಜಾಗದವರ ಹತ್ತಿರವೂ ಅದೇ ಷರತ್ತು ಮಾತಾಡಿ. ‘ಬರ್ತೀನಿ’ ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಭಾನುವಾರ ಬೆಳಗ್ಗೆ ಮಳೆ ಬಂದರೆ ಅವರಲ್ಲಿ ಅರ್ಧ ಬರುವುದಿಲ್ಲ. ಅಂದೇ ಮನೆಗೆ ಒಯ್ಯುವ ವಸ್ತು ಕಲಿಸಿದರೆ ಆಮೇಲಿನ ಎರಡೂವರೆ ಗಂಟೆ ಉಳಿಯುತ್ತದೆ. ಹಸಿಮಣ್ಣಿನ ಬದಲು ಮೊದಲೇ ಸುಟ್ಟ ಬಿಲ್ಲೆಗಳಿಗೆ ಬಣ್ಣ ಹಚ್ಚುವುದನ್ನು ಕಲಿಸಿ ನೋಡಿ.

ಲೋಗೋ, ಚಿತ್ರ, ದನಿ, ಅನುವಾದದಂಥ ಡಿಜಿಟಲ್ ಕೆಲಸ ಮಾಡುವವರು ಮೇಲಿನ ಮೊದಲ ದಾರಿಯನ್ನೇ ತಮ್ಮದೆಂದು ತಿಳಿಯಬೇಕು, ಏಕೆಂದರೆ ತಾರೀಖು ಪೂರ್ತಿ ಗಿರಾಕಿಯದು. ಎರಡು ಸಲ ಮಾತ್ರ ತಿದ್ದುಪಡಿ, ಮೂರನೆಯದಕ್ಕೆ ಬೇರೆ ದುಡ್ಡು ಎಂದು ಬರೆದುಕೊಳ್ಳದಿದ್ದರೆ ‘ಸ್ವಲ್ಪ ಆ ಹಳದಿ ಬದಲಾಯಿಸಿ’ ಎಂಬುದು ತಿಂಗಳುಗಟ್ಟಲೆ ಎಳೆಯುತ್ತದೆ. ಕಂಪನಿಗಳಿಗೆ ಮಾಡಿಕೊಟ್ಟರೆ ವೃತ್ತಿ ಶುಲ್ಕ ಎಂದು ನೂರಕ್ಕೆ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಒಂದು ಕಂಪನಿ ವರ್ಷಕ್ಕೆ ಕೊಡುವ ಶುಲ್ಕ 50,000 ದಾಟಿದರೆ ಈ ಕಡಿತ. ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಲು ಮರೆಯಬೇಡಿ.

ಆಫೀಸಿನ ಕಾಗದ ತೆಗೆದು ಓದಿ

2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ಹೇಳಿದಾಗ ಊರಿನ ಜುಮುಕಿ, ಕೇಕ್, ಕುಚ್ಚಿನವರೆಲ್ಲ ಹೆದರಿದ್ದುಂಟು. ಅದು ಪೈಪೋಟಿಯ ಕಂಪನಿಗೆ ದುಡಿದ ವಿಷಯ. ಮೇಲಧಿಕಾರಿ ಮತ್ತು ಎಚ್‌ಆರ್ ಒಪ್ಪಿದರೆ ಹೊರಗಿನ ಸಣ್ಣ ಕೆಲಸ ಮಾಡಬಹುದು ಎಂದು ಅದೇ ವರ್ಷ ಇನ್ಫೋಸಿಸ್ ತನ್ನ ನೌಕರರಿಗೆ ತಿಳಿಸಿತ್ತು. ನಿಮ್ಮ ಮಟ್ಟಿಗೆ ಮುಖ್ಯವಾಗುವುದು ನಿಮ್ಮ ನೇಮಕಾತಿ ಪತ್ರ. ಬೇರೆ ಯಾವುದೇ ವ್ಯಾಪಾರ, ಉದ್ಯೋಗ ಕೂಡದು ಎಂಬ ಸಾಲು ಇದೆಯೇ? ನೌಕರಿಯಲ್ಲಿರುವಾಗ ಸೃಷ್ಟಿಸಿದ್ದೆಲ್ಲ ಕಂಪನಿಯ ಸ್ವತ್ತು ಎಂಬ ಸಾಲು ಇದೆಯೇ? ಎರಡನೆಯದು ಜುಮುಕಿಯವರನ್ನು ಕಾಡುವುದಿಲ್ಲ, ಡಿಸೈನ್ ಮತ್ತು ಕೋಡ್ ಬರೆಯುವವರನ್ನು ಕಾಡುತ್ತದೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲನ್ನೂ ತೆರೆಯಬೇಡಿ.

ಕೇಳುವುದಾದರೆ ಇಮೇಲ್‌ನಲ್ಲಿ ಚಿಕ್ಕದಾಗಿ ಕೇಳಿ: ‘ವಾರಾಂತ್ಯದಲ್ಲಿ, ಕಚೇರಿಯ ಸಮಯ ಮತ್ತು ಸಾಧನ ಬಳಸದೆ, ಕೈಯಿಂದ ಮಾಡಿದ ಒಡವೆ ಮಾರುತ್ತೇನೆ. ಇದಕ್ಕೂ ಕಂಪನಿಯ ವ್ಯವಹಾರಕ್ಕೂ ಸಂಬಂಧವಿಲ್ಲ. ಒಪ್ಪಿಗೆಯನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.’ ಕ್ಯಾಂಟೀನಿನಲ್ಲಿ ‘ಅಯ್ಯೋ ಮಾಡ್ಕೊಳ್ಳಿ’ ಎಂದ ಮ್ಯಾನೇಜರ್ ಮುಂದಿನ ವರ್ಷ ಬೇರೆ ಕಂಪನಿಯಲ್ಲಿರುತ್ತಾರೆ. ಸರ್ಕಾರಿ ನೌಕರರ ದಾರಿ ಬೇರೆ. ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ, ಮೊದಲು ಇಲಾಖೆಗೆ ಬರೆದು ಉತ್ತರ ಪಡೆಯಿರಿ.

ತೆರಿಗೆಯಲ್ಲಿ ಮೂರು ಕಡೆ ಕಾಲು ಜಾರುತ್ತದೆ

ಮೊದಲನೆಯದು ಸಂಬಳದ ಅಂಚು. 2025–26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳದವರಿಗೆ 75,000 ಕಡಿತ ಸೇರಿ 12.75 ಲಕ್ಷದವರೆಗೆ. ಸರಿಯಾಗಿ ಆ ಅಂಚಿನಲ್ಲಿರುವವರು ಜುಮುಕಿ ಮಾರಿ 60,000 ಲಾಭ ತೋರಿಸಿದರೆ ಏನಾಗುತ್ತದೆ? 75,000 ಕಡಿತ ಕಳೆದ ಆದಾಯ 12.60 ಲಕ್ಷವಾಗುತ್ತದೆ, ದರದ ಪ್ರಕಾರ ತೆರಿಗೆ 69,000. 12 ಲಕ್ಷ ಮೀರಿದ್ದಕ್ಕಿಂತ ಹೆಚ್ಚು ತೆರಿಗೆ ಬೀಳದಂತೆ ರಿಯಾಯಿತಿ ಇರುವುದರಿಂದ ಅದು 60,000ಕ್ಕೆ ಇಳಿಯುತ್ತದೆ, ಮೇಲೆ ನೂರಕ್ಕೆ 4 ಸೆಸ್. ಒಟ್ಟು 62,400. ವರ್ಷವಿಡೀ ದುಡಿದ ಲಾಭವನ್ನೂ ಕೊಟ್ಟು ಕೈಯಿಂದ 2,400 ಹಾಕಿದಂತಾಯಿತು. ಸಂಬಳ ಇದಕ್ಕಿಂತ ಸಾಕಷ್ಟು ಕೆಳಗೆ ಅಥವಾ ಮೇಲೆ ಇರುವವರಿಗೆ ಈ ಗುಂಡಿ ಇಲ್ಲ. ಅಂಚಿನಲ್ಲಿರುವವರು ಡಿಸೆಂಬರ್‌ನಲ್ಲೇ ಕೂತು ಲೆಕ್ಕ ಹಾಕಿ.

ಎರಡನೆಯದು ಪದ್ಧತಿಯ ಆಯ್ಕೆ. ಬರೀ ಸಂಬಳದವರು ಹಳೆಯ, ಹೊಸ ಪದ್ಧತಿಗಳ ನಡುವೆ ಪ್ರತಿ ವರ್ಷ ಬದಲಾಯಿಸಬಹುದು. ವ್ಯಾಪಾರದ ಆದಾಯ ಸೇರಿದ ಮೇಲೆ ಆ ಸ್ವಾತಂತ್ರ್ಯ ಹೋಗುತ್ತದೆ. ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದವರು ಮರಳಿ ಬರಲು ಒಂದೇ ಸಲ ಅವಕಾಶ. ಹಳೆಯ ಪದ್ಧತಿಯಲ್ಲಿ ಮನೆ ಸಾಲದ ಬಡ್ಡಿ ತೋರಿಸುತ್ತಿರುವವರು ಮೊದಲ ಜುಮುಕಿ ಮಾರುವ ಮುನ್ನವೇ ಇದನ್ನು ಯೋಚಿಸಬೇಕು. ರಿಟರ್ನ್ಸ್‌ಗೆ ಬರೀ ಸಂಬಳದವರು ತುಂಬುವ ಐಟಿಆರ್–1 ನಮೂನೆ ನಡೆಯುವುದಿಲ್ಲ. ಅಂದಾಜು ಲಾಭದ ಪದ್ಧತಿಯಲ್ಲಾದರೆ ಐಟಿಆರ್–4: ಬ್ಯಾಂಕ್, ಯುಪಿಐ ಮೂಲಕ ಬಂದ ವಹಿವಾಟಿನ ಕನಿಷ್ಠ ನೂರಕ್ಕೆ 6, ನಗದಿನ ಕನಿಷ್ಠ ನೂರಕ್ಕೆ 8 ಲಾಭ ತೋರಿಸಬೇಕು, ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಿ. ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು, ಈ ಪದ್ಧತಿಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ಹೊರಗಿನ ಆದಾಯವನ್ನು ಆಫೀಸಿಗೇ ತಿಳಿಸಿ ಸಂಬಳದಲ್ಲೇ ಹಿಡಿಸಿಕೊಳ್ಳಲೂ ಬರುತ್ತದೆ, ಒಪ್ಪಿಗೆ ಪತ್ರ ಕೈಯಲ್ಲಿರುವವರಿಗೆ ಮಾತ್ರ ಆ ದಾರಿ!

ಮೂರನೆಯದು ಜಿಎಸ್‌ಟಿ. ಕರ್ನಾಟಕದೊಳಗೆ ಬರೀ ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ತರಗತಿ, ಡಿಸೈನಿನಂಥ ಸೇವೆಯವರಿಗೆ 20 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ. ವಾರಕ್ಕೆ ಎಂಟು ಗಂಟೆಯವರು ಅಲ್ಲಿಗೆ ಮುಟ್ಟುವುದಿಲ್ಲ. ಕಾಲು ಜಾರುವುದು ಬೇರೆ ಕಡೆ. ತಮಿಳುನಾಡಿನ ಹೊಸೂರಿನ ಗಿರಾಕಿಗೆ ಒಂದು ಡಬ್ಬಿ ಕಳಿಸಿದರೂ ಅದು ಹೊರರಾಜ್ಯದ ಮಾರಾಟ, ವಸ್ತುಗಳಾದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಅಧಿಸೂಚಿತ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಾತ್ರ ಷರತ್ತುಬದ್ಧ ವಿನಾಯಿತಿ ಇದೆ. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂದು ಲೆಕ್ಕಪರಿಶೋಧಕರಿಗೆ ಒಮ್ಮೆ ಫೀಸು ಕೊಟ್ಟು ಕೇಳಿ. ಆ ಫೀಸು ದಂಡಕ್ಕಿಂತ ಅಗ್ಗ.

ಮನೆಯ ಬಾಡಿಗೆ, ಗೆಳೆಯರ ಬಾಕಿ, ಜುಮುಕಿಯ ಹಣ ಎಲ್ಲ ಒಂದೇ ಖಾತೆಗೆ ಬೀಳುವಂತೆ ಬಿಡಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಊರಿನ ಎಷ್ಟೋ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಿದ್ದಿತ್ತು. ಯಾವ ಜಮೆ ವ್ಯಾಪಾರದ್ದು, ಯಾವುದು ಸ್ವಂತದ್ದು ಎಂದು ಬಿಡಿಸಿ ತೋರಿಸಲಾಗದವರಿಗೆ ಆಗ ಹೆಚ್ಚು ಕಷ್ಟವಾಯಿತು. ಬೇರೆ ಖಾತೆ, ಬೇರೆ ಕ್ಯೂಆರ್, ಅಷ್ಟೇ ಕೆಲಸ. ಸಣ್ಣ ಉದ್ಯಮ ಎಂದು ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ, ಹಣ ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿ.

ಯಾರಿಗೆ ಯಾವುದು

ರಾತ್ರಿ ಎಷ್ಟೊತ್ತಿಗೂ ಫೋನ್ ಬರಬಹುದಾದ ಸಪೋರ್ಟ್ ಕೆಲಸದವರು ತರಗತಿ ಹಾಕಿಕೊಳ್ಳಬೇಡಿ, ಎಂಟು ಜನ ಕೂತಿರುವಾಗ ಸರ್ವರ್ ಕೆಡುತ್ತದೆ. ಅವರಿಗೆ ಆನ್‌ಲೈನ್ ಮತ್ತು ಅಂಗಡಿ. ಶಾಲೆ, ಕಾಲೇಜಿನ ಮೇಷ್ಟ್ರು, ಮೇಡಂಗಳಿಗೆ ರಜೆಯ ತರಗತಿಯಷ್ಟು ಒಪ್ಪುವುದು ಇನ್ನೊಂದಿಲ್ಲ, ಆಡಳಿತ ಮಂಡಳಿ ಒಪ್ಪಿದರೆ. ಬ್ಯಾಂಕಿನವರಿಗೆ ಮಾರ್ಚ್ ಎಂಬುದೇ ಇಲ್ಲ ಎಂದು ತಿಳಿದು ಕ್ಯಾಲೆಂಡರ್ ಹಾಕಬೇಕು. ಪಾಳಿ ಬದಲಾಗುವವರು ಸಂತೆಗೆ ಮುಂಗಡ ಕಟ್ಟುವ ಮೊದಲು ರೋಸ್ಟರ್ ನೋಡಲಿ. ಗಿರಾಕಿಯ ಜೊತೆ ಮಾತಾಡುವುದೇ ಖುಷಿ ಅನ್ನುವವರು ಇದ್ದಾರೆ; ಅಂಥವರು ಕಸ್ಟಮ್ ಆರ್ಡರ್ ಪೂರ್ತಿ ಬಿಡಬೇಕಿಲ್ಲ, ಆನ್‌ಲೈನ್ ಕಂತಿನ ಜೊತೆ ತಿಂಗಳಿಗೆ ಎರಡು ಇಟ್ಟುಕೊಳ್ಳಲಿ.

ವರ್ಷದ ಲೆಕ್ಕವನ್ನೂ ಹವಾಮಾನದ ಜೊತೆ ಹೊಂದಿಸಿ. ಬೇಡಿಕೆ ಏರುವುದು ಶ್ರಾವಣದಿಂದ, ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿವರೆಗೆ. ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಗಾಳಿ ತೇವವಾಗಿ, ನಾಲ್ಕು ದಿನದಲ್ಲಿ ಒಣಗುವ ಮಣ್ಣು ಎಂಟು ದಿನ ತೆಗೆದುಕೊಳ್ಳುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿರುವಾಗಲೇ ಆಕಾರ ಕೊಟ್ಟು, ಸುಟ್ಟು, ಬಣ್ಣ ಹಚ್ಚದೆ ಡಬ್ಬದಲ್ಲಿ ತುಂಬಿಡಿ. ಬೇಸಿಗೆಯ ಗಾಳಿಗೆ ಅಂಚು ಬೇಗ ಒಣಗಿ ಸೀಳದಂತೆ ಮೊದಲ ದಿನ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿರಬೇಕು. ಆಗಸ್ಟ್‌ನಲ್ಲಿ ಯಾವ ಬಣ್ಣದ ಸೀರೆಗಳು ಓಡುತ್ತಿವೆ ನೋಡಿ, ಬಣ್ಣ ಮಾತ್ರ ಹಚ್ಚಿ. ಆಗ ಗೌರಿ ಹಬ್ಬಕ್ಕೆ ಹತ್ತು ದಿನವಿರುವಾಗ ಬಂದ ಗಿರಾಕಿಗೂ ‘ಆಗುತ್ತೆ, ಮುಂದಿನ ಬುಧವಾರ ಕಳಿಸ್ತೀನಿ’ ಅನ್ನಬಹುದು.